ಅಕ್ಕ ಹೇಳದ ಸಾಲು

ಜೂನ್ ೩, ಮಂಗಳವಾರ

ಅಕ್ಕನನ್ನು ಇವತ್ತು ನನ್ನ ಮನೆಗೆ ಕರೆತಂದೆ. ಸೋಫಾ ಸಾಗಿಸುವ ವ್ಯಾನಿನಲ್ಲಿ, ನಾನೇ ಕುಶನ್ ಹಾಕಿದ ಕೈಕುರ್ಚಿಯಲ್ಲಿ ಕೂರಿಸಿ ತಂದೆ. ದಾರಿಯುದ್ದಕ್ಕೂ ಬೆನ್ನಿನ ಹತ್ತಿರ ಸ್ಪ್ರಿಂಗ್ ಒತ್ತುತ್ತಿದೆ ಎಂದು ದೂರಿದಳು. ಗಿರಾಕಿಗಳು ಯಾಕೆ ಸುಮ್ಮನಿದ್ದಾರೋ ಎಂದೂ ಸೇರಿಸಿದಳು.

ಡಾಕ್ಟರು ಅವಳ ಎದುರಿಗೇ ಹೇಳಿದರು. ಲಿವರಿನಲ್ಲಿ ಶುರುವಾದದ್ದು ಎಲ್ಲ ಕಡೆ ಹಬ್ಬಿದೆಯಂತೆ. ಎರಡು ತಿಂಗಳು, ಹೆಚ್ಚೆಂದರೆ ಮೂರು. ಅಕ್ಕ ತಲೆಯಾಡಿಸಿ, ಹಾಗಾದರೆ ಮುಂದಿನ ವಾರ ಹಲ್ಲು ಕೀಳಿಸಿಕೊಳ್ಳುವುದು ಬೇಡ ಬಿಡಿ, ಇಷ್ಟು ದಿನ ಇದ್ದದ್ದು ಇದ್ದುಕೊಳ್ಳಲಿ ಎಂದಳು.

ಅಂಗಡಿಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದ್ದೇನೆ. ಹಿಂದಿನ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಎಂದರೆ ಕೇಳಲಿಲ್ಲ. ಸುತ್ತಿಗೆಯ ಸದ್ದು ಕೇಳುತ್ತಿದ್ದರೆ ನಾನು ಬದುಕಿದ್ದೇನೆಂದು ಅವಳಿಗೆ ಗೊತ್ತಾಗುತ್ತದಂತೆ.

ಇದನ್ನು ಅಳತೆ ಪುಸ್ತಕದ ಹಿಂಬದಿಯಿಂದ ಬರೆಯುತ್ತಿದ್ದೇನೆ. ಮುಂದಿನಿಂದ ಜನರ ಸೋಫಾಗಳು, ಹಿಂದಿನಿಂದ ನನ್ನ ಚಿಂತೆ. ಮದುವೆಯಾಗದೆ ಐವತ್ತೇಳಕ್ಕೆ ಬಂದವನಿಗೆ ಇಂಥ ಮಾತುಗಳನ್ನು ಹೇಳಿಕೊಳ್ಳಲು ಬೇರೆ ಯಾರಿದ್ದಾರೆ?

ವಿಷಯ ಇಷ್ಟು. ಅಕ್ಕ ಪ್ರಭುವನ್ನು ನಂಬುವುದಿಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನ ಚರ್ಚಿನಿಂದ ಎದ್ದು ಹೋದವಳು ಮತ್ತೆ ಒಳಗೆ ಕಾಲಿಟ್ಟಿಲ್ಲ. ಆಗ ಅವಳಿಗೆ ಹದಿನೇಳು, ನನಗೆ ಎಂಟು. ನಾನು ಅದೇ ಸಭೆಯ ಹಿರಿಯ. ಹೊಸದಾಗಿ ಸೇರುವ ದೊಡ್ಡವರಿಗೆ ಭಾನುವಾರ ಪಾಠ ಹೇಳುತ್ತೇನೆ. ನಂಬದೆ ಸತ್ತವರಿಗೆ ಬಾಗಿಲು ಮುಚ್ಚುತ್ತದೆ, ಆಚೆಗಿರುವುದು ಬೆಂಕಿ, ಅದಕ್ಕೆ ಕೊನೆಯಿಲ್ಲ ಎಂದು ಪ್ರತಿ ವರ್ಷ ಏಳನೆಯ ಪಾಠದಲ್ಲಿ ಹೇಳುತ್ತೇನೆ. 

ನಲವತ್ತೊಂಬತ್ತು ವರ್ಷದಿಂದ ಅವಳಿಗಾಗಿ ಪ್ರಾರ್ಥಿಸಿದ್ದೇನೆ. ಅಷ್ಟು ವರ್ಷದಲ್ಲಿ ಆಗದ್ದು ಎರಡು ತಿಂಗಳಲ್ಲಿ ಆಗಬೇಕು.

ಜೂನ್ ೬, ಶುಕ್ರವಾರ

ಊಟದ ಹೊತ್ತಿಗೆ ವಾಕ್ಯ ಓದುತ್ತಿದ್ದೇನೆ. ರೇಡಿಯೋ ಕೇಳುವ ಹಾಗೆ ಕೇಳುತ್ತಾಳೆ, ಮಧ್ಯದಲ್ಲಿ ಉಪ್ಪು ಕೇಳುತ್ತಾಳೆ. ಸಭೆಯಿಂದ ತಂದ ಒಂದು ಕರಪತ್ರವನ್ನು ಚಹಾದ ತಟ್ಟೆಯ ಕೆಳಗೆ ಇಟ್ಟಿದ್ದೆ. ಸಂಜೆ ನೋಡಿದರೆ ಅದನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟಿದ್ದಳು. ಮೇಜು ಈಗ ಗಟ್ಟಿಯಾಗಿ ನಿಂತಿದೆ. ತೆಗೆಯಲು ಮನಸ್ಸಾಗಲಿಲ್ಲ.

ಜೂನ್ ೮, ಭಾನುವಾರ

ಪಾಸ್ಟರು ಪ್ರಾರ್ಥನೆಯಲ್ಲಿ ಅಕ್ಕನನ್ನು ನೆನೆದರು. ‘ಇನ್ನೂ ಹೊರಗಿರುವ ಆತ್ಮ’ ಎಂದರು. ಮುಗಿದ ಮೇಲೆ ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದುಕೊಂಡರು. ಸಾವಿನ ಮನೆಯಲ್ಲಿ ಹಿಡಿಯುವ ಹಾಗೆ ಹಿಡಿದರು. ನನಗೆ ಒಂದು ಬಗೆಯ ಹಿತವಾಯಿತು. ಇಷ್ಟು ಜನ ಯಾವತ್ತೂ ನನ್ನನ್ನು ಮಾತಾಡಿಸಿರಲಿಲ್ಲ.

ಮನೆಗೆ ಬಂದರೆ ಅಕ್ಕ ಮಂಚದ ಮೇಲೆ ಕೂತು, ಹಲಗೆಯನ್ನು ತೊಡೆಗೆ ಅಡ್ಡ ಇಟ್ಟುಕೊಂಡು, ನನ್ನ ಐದು ಅಂಗಿಗಳಿಗೆ ಇಸ್ತ್ರಿ ಮಾಡಿದ್ದಳು. ಹೋಟೆಲಿನ ಲಾಂಡ್ರಿಯಲ್ಲಿ ನಲವತ್ತೆರಡು ವರ್ಷ ದುಡಿದವಳು. ಆರನೆಯದಕ್ಕೆ ಕೈ ಸೋತಿತ್ತು. ಕಾಲರನ್ನು ಒಳಗಿನಿಂದ ಒತ್ತಬೇಕು, ನಿನಗೆ ಎಷ್ಟು ಸಲ ಹೇಳಿದರೂ ಅಷ್ಟೇ ಎಂದು ಬೈದಳು. ನನಗೆ ಬೆಳಗಿನ ಹಿತ ನಾಚಿಕೆಯಾಗಿ ತಿರುಗಿತು. ಯಾಕೆಂದು ಗೊತ್ತಾಗಲಿಲ್ಲ.

ಜೂನ್ ೧೭, ಮಂಗಳವಾರ

ಪಾಸ್ಟರು ಬಂದಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ನನ್ನನ್ನು ಅಣ್ಣ ಎನ್ನುತ್ತಾರೆ. ಒಳ್ಳೆಯ ಮನುಷ್ಯ. ಅಕ್ಕನಿಗೆ ಸೇಬು ತಂದಿದ್ದರು. ಹವಾಮಾನ, ಔಷಧಿ, ನಿದ್ದೆ ಎಲ್ಲ ಮುಗಿದ ಮೇಲೆ, ಪ್ರಭುವಿನ ಬಗ್ಗೆ ಎರಡು ಮಾತು ಆಡಬಹುದೇ ಎಂದು ಕೇಳಿದರು. ಅಕ್ಕ ಆಡಿ ಎಂದಳು, ಮೊದಲು ತನ್ನದೊಂದು ಪ್ರಶ್ನೆ ಇದೆ ಎಂದಳು.

“ನಮ್ಮಮ್ಮ ಈಗ ಎಲ್ಲಿದ್ದಾಳೆ, ಪಾಸ್ಟರೇ?”

ಅವರು ಅದು ದೇವರಿಗೆ ಮಾತ್ರ ಗೊತ್ತು ಎಂದರು.

“ಹೌದಾ? ನಿಮಗಿಂತ ಹಿಂದೆ ಇದ್ದವರಿಗೆ ಚೆನ್ನಾಗಿ ಗೊತ್ತಿತ್ತಲ್ಲ.”

ಆಮೇಲೆ ಅವಳು ಆ ದಿನದ್ದನ್ನೆಲ್ಲ ಹೇಳಿದಳು. ನನ್ನ ಕಡೆ ನೋಡದೆ ಹೇಳಿದಳು. ಅಮ್ಮನ ಕೊನೆಯ ವಾರದಲ್ಲಿ ಹಳೆಯ ಪಾಸ್ಟರು ಪ್ರಾರ್ಥನೆಗೆಂದು ಬಂದಿದ್ದರು. ಅಮ್ಮ ನೋವಿನಲ್ಲಿದ್ದಳು. ಅವರ ಎದುರಿಗೇ ದೇವರನ್ನು ಬೈದಳು, ಕೆಟ್ಟ ಮಾತಿನಲ್ಲೇ ಬೈದಳು. ಅವರು ಪುಸ್ತಕ ಮುಚ್ಚಿ ಎದ್ದು ಹೋದರು. ಮೂರು ದಿನ ಬಿಟ್ಟು, ಅಮ್ಮನ ಶವಪೆಟ್ಟಿಗೆಯನ್ನು ಎದುರಿಗೆ ಇಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ದೇವರನ್ನು ಶಪಿಸಿದವರ ಗತಿ ಏನು ಎಂಬುದರ ಮೇಲೆ ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ಎದ್ದಳು.

“ನನಗೆ ದೇವರ ಮೇಲೆ ಸಿಟ್ಟಿಲ್ಲ. ಇದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ನಮ್ಮಮ್ಮನನ್ನ ಹೊರಗೆ ನಿಲ್ಲಿಸಿರೋ ಮನೆಗೆ ನಾನು ಹೇಗೆ ಬರ್ಲಿ, ಹೇಳಿ” ಎಂದಳು ಅಕ್ಕ.

ಪಾಸ್ಟರು ಎದ್ದರು. ಹೋಗುವಾಗ ಬಾಗಿಲಲ್ಲಿ ನನ್ನ ಭುಜ ತಟ್ಟಿ, ಬಿಡಬೇಡಿ ಅಣ್ಣ ಎಂದರು.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಅವಳು ಎದ್ದು ಹೋದಾಗ ನನಗೂ ಹಿಂದೆ ಓಡಬೇಕು ಅನ್ನಿಸಿತ್ತು. ಓಡಿದರೆ ನಾನೂ ಬೆಂಕಿಗೆ ಬೀಳುತ್ತೇನೆ ಎಂದು ಬೆಂಚನ್ನು ಹಿಡಿದುಕೊಂಡು ಕೂತೆ. ಆಮೇಲೆ ಎಷ್ಟೋ ದಿನ, ಯಾರೂ ಇಲ್ಲದಾಗ ಮೇಣದಬತ್ತಿ ಹಚ್ಚಿ ಬೆರಳು ಹಿಡಿದು ಎಣಿಸುತ್ತಿದ್ದೆ. ಅಮ್ಮನಿಗೆ ಹೇಗೆ ಆಗುತ್ತಿರಬಹುದು ಎಂದು ತಿಳಿಯಬೇಕಿತ್ತು. ಏಳಕ್ಕಿಂತ ಮುಂದೆ ಎಣಿಸಲು ಆಗುತ್ತಿರಲಿಲ್ಲ. ಒಂದು ದಿನ ಅಕ್ಕ ನೋಡಿದಳು. ಆಟ ಆಡುತ್ತಿದ್ದೇನೆ ಎಂದುಕೊಂಡು ಬೆನ್ನಿಗೆ ಒಂದು ಕೊಟ್ಟು, ನನ್ನ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದು, ನನಗಿಂತ ಹೆಚ್ಚು ತಾನೇ ಅತ್ತಳು.

ಜೂನ್ ೨೨, ಭಾನುವಾರ

ಇವತ್ತು ಏಳನೆಯ ಪಾಠ. ಮುಂದೂಡೋಣ ಎಂದುಕೊಂಡಿದ್ದೆ, ಮುಂದೂಡಿದರೆ ಹೇಡಿತನ ಅನ್ನಿಸಿತು. ತರಗತಿಯಲ್ಲಿ ಆರು ಜನ. ಅವರಲ್ಲೊಬ್ಬ ಬಡಗಿ, ನನ್ನ ಸೋಫಾಗಳಿಗೆ ಚೌಕಟ್ಟು ಮಾಡಿಕೊಡುವವನು. ಮಾತು ಕಡಿಮೆ. ಪಾಠ ಮುಗಿಯುವ ಹೊತ್ತಿಗೆ ಕೈಯೆತ್ತಿ, ಸ್ವರ್ಗದಲ್ಲಿರುವವರಿಗೆ ನರಕದಲ್ಲಿರುವ ತಮ್ಮವರ ನೆನಪು ಇರುತ್ತದೆಯೇ ಎಂದು ಕೇಳಿದ. ಇದ್ದರೆ ಅವರಿಗೆ ಊಟ ಹೇಗೆ ಸೇರುತ್ತದೆ?

ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆ. ಅಲ್ಲಿರುವವರು ದೇವರ ನ್ಯಾಯವನ್ನು ದೇವರ ಕಣ್ಣಿನಿಂದ ನೋಡುತ್ತಾರೆ, ತೃಪ್ತರಾಗಿರುತ್ತಾರೆ. ಹಾಗೆಯೇ ಹೇಳಿದೆ. ಅವನು ಬರೆದುಕೊಂಡ.

ಸಂಜೆ ಅಕ್ಕನ ತಲೆಗೆ ನೀರು ಹಾಕಿದೆ. ಕೂದಲು ಎಷ್ಟು ಕಡಿಮೆಯಾಗಿದೆ. ನೊರೆ ಕಣ್ಣಿಗೆ ಹೋಗದ ಹಾಗೆ ಅಂಗೈ ಅಡ್ಡ ಹಿಡಿದಿದ್ದೆ. ಚಿಕ್ಕವನಾಗಿದ್ದಾಗ ಅವಳು ನನಗೆ ಹಾಗೇ ಹಿಡಿಯುತ್ತಿದ್ದಳು. ಆಗ ‘ತೃಪ್ತ’ ಎಂಬ ಪದ ನೆನಪಾಯಿತು. ಒಂದು ಸೋಪಿನ ನೊರೆಯನ್ನು ತಡೆಯುತ್ತಿರುವ ನಾನು, ಅವಳು ಬೆಂಕಿಯಲ್ಲಿರುವುದನ್ನು ನೋಡಿ ತೃಪ್ತನಾಗಬೇಕು.

ನೆನಪನ್ನೇ ಅಳಿಸುತ್ತಾನೆ ಎಂದು ಕೆಲವರು ಹೇಳುತ್ತಾರೆ. ಅಳಿಸಿದರೆ ಅಲ್ಲಿ ಕೂತಿರುವವನು ಯಾರು? ಚಮಚ ಹಿಡಿಯುವುದು, ಶೂ ಲೇಸು ಕಟ್ಟುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ಅವಳು ಕಲಿಸಿದ್ದು. ಅವಳನ್ನು ನನ್ನಿಂದ ತೆಗೆದರೆ ಬರೀ ಬಟ್ಟೆ ಉಳಿಯುತ್ತದೆ, ಒಳಗೆ ತುಂಬಿದ್ದೇನೂ ಇರುವುದಿಲ್ಲ.

ಇಂಥ ಯೋಚನೆ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿದೆ, ಸೈತಾನನಿಂದ. ಪ್ರಾರ್ಥನೆ ಹೆಚ್ಚಿಸಬೇಕು.

ಜುಲೈ ೧, ಮಂಗಳವಾರ

ಅಕ್ಕ ಏನೂ ತಿನ್ನಲಿಲ್ಲ. ವಾಕ್ಯ ಓದಲಿಲ್ಲ. ಓದಲೇ ಎಂದು ಕೇಳಿದೆ, ಸುತ್ತಿಗೆಯೇ ಇರಲಿ ಎಂದಳು. ಒಂದು ಸ್ಟೂಲಿಗೆ ಬೇಕಾದ್ದಕ್ಕಿಂತ ಎರಡರಷ್ಟು ಮೊಳೆ ಹೊಡೆದೆ.

ಜುಲೈ ೪, ಶುಕ್ರವಾರ

ಬೆಳಿಗ್ಗೆ ಹತ್ತರಿಂದ ಮೂರು ಗಂಟೆಯ ತನಕ ನೋವು. ಮನೆಗೆ ಬಂದು ಇಂಜೆಕ್ಷನ್ ಕೊಡುವ ನರ್ಸಮ್ಮ ಬೇರೆಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಅಕ್ಕ ನನ್ನನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಹಾಳಾದವನೇ ಎಂದಳು, ನಿನ್ನ ಕೈ ಸೇದಿಹೋಗ ಎಂದಳು, ನಿಂತು ನೋಡುತ್ತೀಯಲ್ಲ, ನಿನಗೆ ಕರುಳಿಲ್ಲವೇ ಎಂದಳು. ನಾನು ಕೈ ಹಿಡಿದರೆ ಕೊಡವಿದಳು, ಬಿಟ್ಟರೆ ಹುಡುಕಿದಳು.

ಇಂಜೆಕ್ಷನ್ ಹಿಡಿದ ಮೇಲೆ ಕಣ್ಣು ಬಿಟ್ಟು ಹೇಳಿದಳು:

“ಬೈದೆ ಅಲ್ವಾ ನಿನ್ನ? ಮನಸ್ಸಿಗೆ ಹಚ್ಕೋಬೇಡ ಪುಟ್ಟ. ಹತ್ತಿರ ಇದ್ದವನು ನೀನೊಬ್ಬನೇ.”

ನಾನು ಮನಸ್ಸಿಗೆ ಹಚ್ಚಿಕೊಂಡಿರಲೇ ಇಲ್ಲ. ಒಂದು ಕ್ಷಣವೂ ಇಲ್ಲ. ಅಂಗಡಿಗೆ ಬಂದು ಕತ್ತರಿ ಹಿಡಿದವನು ಬಟ್ಟೆ ಕತ್ತರಿಸದೆ ಹಾಗೇ ನಿಂತುಬಿಟ್ಟೆ. ದೇವರನ್ನು ಬೈದ ಅಮ್ಮನೂ ಹತ್ತಿರ ಇದ್ದವನನ್ನೇ ಬೈದಿರಬಹುದಲ್ಲವೇ?

ಜುಲೈ ೧೩, ಭಾನುವಾರ

ಚರ್ಚಿಗೆ ಹೋಗಲಿಲ್ಲ. ನರ್ಸಮ್ಮನಿಗೆ ರಜೆ, ಅಕ್ಕನನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ. ತರಗತಿಗೂ ಹೇಳಿಕಳಿಸಿದೆ. ಸೇಬು ಹೆಚ್ಚಿ ಕೊಟ್ಟೆ, ಒಂದು ಹೋಳಿನಲ್ಲಿ ಅರ್ಧ ತಿಂದಳು. ಉಳಿದರ್ಧ ನಾನು ತಿಂದೆ. ಕಿಟಕಿಯಿಂದ ಎದುರು ಮನೆಯವರು ಕಂಬಳಿ ಕೊಡವುವುದನ್ನು ನೋಡಿದೆವು. ಹಾಗೆ ಕೊಡವಿದರೆ ಅಂಚು ಹರಿಯುತ್ತದೆ ಎಂದು ಅಕ್ಕ ಟೀಕೆ ಮಾಡಿದಳು. ಒಳ್ಳೆಯ ದಿನ.

ಜುಲೈ ೧೭, ಗುರುವಾರ

ಭಾನುವಾರ ಕಾಣಲಿಲ್ಲವೆಂದು ಪಾಸ್ಟರು ಅಂಗಡಿಗೆ ಬಂದರು. ಅಕ್ಕ ಮಲಗಿದ್ದಳು. ಸಮಯ ಕಡಿಮೆ ಇದೆ, ವಾದ ಮಾಡುತ್ತ ಕೂರಬೇಡಿ ಅಣ್ಣ ಎಂದರು. ಮೂರು ಸಾಲಿನ ಪ್ರಾರ್ಥನೆಯೊಂದನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು ತಂದಿದ್ದರು. ಪ್ರಭುವೇ, ನಾನು ಪಾಪಿ. ನೀನು ನನಗಾಗಿ ಸತ್ತೆ ಎಂದು ನಂಬುತ್ತೇನೆ. ನನ್ನನ್ನು ನಿನ್ನವಳೆಂದು ಸೇರಿಸಿಕೋ. ಇಷ್ಟೇ. ಕೊನೆಯ ಉಸಿರಿನಲ್ಲಿ ಹೇಳಿದರೂ ಸಾಕು, ಅವನು ತಳ್ಳುವುದಿಲ್ಲ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಿಜವಾಗಿಯೂ ಅವಳಿಗಾಗಿಯೇ ಒದ್ದೆಯಾಗಿತ್ತು, ಅದರಲ್ಲಿ ಅನುಮಾನವಿಲ್ಲ.

ಕಾರ್ಡು ನನ್ನ ಅಂಗಿಯ ಜೇಬಿನಲ್ಲಿದೆ. ಹೇಗೆ ಶುರು ಮಾಡುವುದೋ ತಿಳಿಯದು.

ಜುಲೈ ೧೯, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ದಿಂಬು ಸರಿಮಾಡಲು ಬಾಗಿದಾಗ ಕಾರ್ಡು ಜೇಬಿನಿಂದ ಅವಳ ಎದೆಯ ಮೇಲೆ ಬಿತ್ತು. ಎತ್ತಿಕೊಂಡು, ಕನ್ನಡಕ ಕೇಳಿದಳು. ಕೊಟ್ಟೆ. ಓದಿದಳು. ಬಟ್ಟೆಗೆ ಹೊಲಿದ ಚೀಟಿಯಲ್ಲಿ ಬಿಸಿನೀರೋ ತಣ್ಣೀರೋ ಎಂದು ನೋಡುವ ಹಾಗೆ ಎರಡು ಸಲ ಓದಿದಳು.

“ಇದನ್ನ ಹೇಳಿದ್ರೆ ನಿನಗೆ ಸಮಾಧಾನ ಆಗುತ್ತಾ?”

ಆಗುತ್ತದೆ ಎಂದೆ. ನನ್ನ ಧ್ವನಿ ಎಂಟು ವರ್ಷದವನ ಧ್ವನಿಯ ಹಾಗೆ ಬಂತು.

“ಹಾಗಾದ್ರೆ ಹೇಳ್ತೀನಿ. ನನ್ನನ್ನ ಸ್ವಲ್ಪ ಎತ್ತಿ ಕೂರಿಸು.”

ಎತ್ತಿ ಕೂರಿಸಿದೆ. ನಲವತ್ತೊಂಬತ್ತು ವರ್ಷದಿಂದ ಕಾದದ್ದು ಬಂದೇಬಿಟ್ಟಿತು ಎಂದುಕೊಂಡೆ. ಅವಳು ಗಂಟಲು ಸರಿಮಾಡಿಕೊಂಡು ಮೊದಲನೆಯ ಸಾಲು ಹೇಳಿದಳು. ಪ್ರಭುವೇ, ನಾನು ಪಾಪಿ. ಇದೇನೋ ಸುಳ್ಳಲ್ಲ ಎಂದು ಸೇರಿಸಿದಳು. ಎರಡನೆಯ ಸಾಲಿಗೆ ಬಂದು ನಿಂತಳು. ಕಣ್ಣು ಮುಚ್ಚಿ ಉಸಿರೆಳೆದಳು. ಕಹಿ ಔಷಧಿ ಕುಡಿಯುವ ಮುಂಚೆ ಅವಳ ಮುಖ ಹಾಗೆ ಆಗುತ್ತದೆ. ನನ್ನ ಅಕ್ಕ ಇಷ್ಟು ವರ್ಷದಲ್ಲಿ ಒಂದು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಲಾಂಡ್ರಿಯಲ್ಲಿ ತಾನು ಸುಟ್ಟ ಮೇಜುಬಟ್ಟೆಯನ್ನು ತಾನೇ ಮೇಲಿನವರಿಗೆ ತೋರಿಸಿ ಬಂದವಳು. ಈಗ ನನಗಾಗಿ, ಸಾಯುವ ಹೊತ್ತಿಗೆ, ಹೇಳಲು ಬಾಯಿ ತೆರೆದಿದ್ದಾಳೆ.

ಅವಳ ಬಾಯಿಯ ಮೇಲೆ ಕೈ ಇಟ್ಟೆ.

“ಬೇಡ ಅಕ್ಕ.”

“ಯಾಕೋ? ಇನ್ನೆರಡೇ ಸಾಲು.”

“ನೀನು ನಂಬಲ್ಲ.”

“ನಂಬಲ್ಲ. ನೀನು ನಂಬ್ತೀಯಲ್ಲ, ಅದಕ್ಕೇ ಹೇಳ್ತಿದ್ದೀನಿ.”

ನಾನು ತಲೆಯಾಡಿಸಿದೆ. ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡೆ. ಅವಳು ನನ್ನನ್ನು ತುಂಬ ಹೊತ್ತು ನೋಡಿ, ಹುಚ್ಚ ಎಂದಳು. ಆಮೇಲೆ ನಿದ್ದೆ ಹೋದಳು.

ಜುಲೈ ೨೦, ಭಾನುವಾರ

ನಾನು ಏನು ಮಾಡಿಬಿಟ್ಟೆ?

ಪಾಸ್ಟರು ಕೇವಲ ಹೇಳಿದರೆ ಸಾಕು ಎಂದಿದ್ದರು. ಹೇಳಲು ಹೊರಟಿದ್ದಳು. ನಾನು ಇಷ್ಟು ವರ್ಷ ಕಲಿಸಿದ್ದು ನಿಜವಾದರೆ, ನಿನ್ನೆ ನನ್ನ ಕೈಯಿಂದಲೇ ಅವಳನ್ನು ಬೆಂಕಿಗೆ ತಳ್ಳಿದೆ. ಬೆಳಿಗ್ಗೆ ಕಾರ್ಡು ಹಿಡಿದುಕೊಂಡು ಅವಳ ಕೋಣೆಗೆ ಹೋದೆ. ಎಚ್ಚರವಿದ್ದಳು. ಚಹಾ ಮಾಡಿದ್ಯಾ ಎಂದು ಕೇಳಿದಳು. ಕಾರ್ಡನ್ನು ಜೇಬಿಗೆ ಹಾಕಿ ಚಹಾ ಮಾಡಿ ತಂದೆ.

ಇವತ್ತೂ ಚರ್ಚಿಗೆ ಹೋಗಲಿಲ್ಲ. ಅಂಗಡಿಯ ಶಟರ್ ಎಳೆದು, ಕುಶನ್‌ಗಳ ಮಧ್ಯೆ ಮಂಡಿಯೂರಿ, ಅವಳ ಬದಲು ನನ್ನನ್ನು ಕಳಿಸು ಎಂದು ಕೇಳಿದೆ. ಬಾಯಿಮಾತಿಗೆ ಕೇಳಲಿಲ್ಲ. ಅವಳಿಗೊಂದು ಜಾಗ ಸಿಗುವುದಾದರೆ ನನ್ನದನ್ನು ಕೊಡು, ನಾನು ಅಲ್ಲಿಗೆ ಹೋಗುತ್ತೇನೆ ಎಂದೆ. ನಿಜಕ್ಕೂ ಹಾಗೆಯೇ ಇತ್ತು ನನ್ನ ಮನಸ್ಸಿನಲ್ಲಿ. ಆಮೇಲೆ ಒಂದು ಯೋಚನೆ ಬಂತು. ಜನರ ಸೋಫಾ ಹೊಲಿಯುವ ನಾನೇ ಇಷ್ಟು ಪ್ರೀತಿಸಬಲ್ಲೆನಾದರೆ, ನನ್ನನ್ನು ಮಾಡಿದವನು ನನಗಿಂತ ಕಡಿಮೆ ಪ್ರೀತಿಸುತ್ತಾನೆಯೇ? ಅವನು ತಾನೇ ಅಲ್ಲಿಗೆ ಹೋಗಿ ಅವಳ ಪಕ್ಕ ಕೂರುವುದಿಲ್ಲವೇ?

ಇದು ಅಹಂಕಾರದ ಮಾತು. ಮೇಲಿನ ಸಾಲುಗಳನ್ನು ಹೊಡೆದುಹಾಕಬೇಕು. ನಾಳೆ ಹೊಡೆದುಹಾಕುತ್ತೇನೆ.

ಜುಲೈ ೨೮, ಸೋಮವಾರ

ಈ ವಾರ ಅಕ್ಕ ಅಮ್ಮನ ಬಗ್ಗೆ ಮಾತಾಡುತ್ತಿದ್ದಾಳೆ. ಸಣ್ಣ ಧ್ವನಿ, ಹತ್ತಿರ ಹೋಗಿ ಕಿವಿ ಕೊಡಬೇಕು. ಅಮ್ಮ ಚರ್ಚಿನಲ್ಲಿ ಎಷ್ಟು ಬೇಸುರವಾಗಿ ಹಾಡುತ್ತಿದ್ದಳೆಂದರೆ ಮುಂದಿನ ಬೆಂಚಿನವರು ತಿರುಗಿ ನೋಡುತ್ತಿದ್ದರಂತೆ. ಅಮ್ಮ ಅವರಿಗೆ ನಗುತ್ತ ತಲೆಬಾಗಿ ಇನ್ನೂ ಗಟ್ಟಿಯಾಗಿ ಹಾಡುತ್ತಿದ್ದಳಂತೆ. ಬೆಕ್ಕುಗಳೆಂದರೆ ಹೆದರುತ್ತಿದ್ದಳಂತೆ. ಅಪ್ಪನ ನಡಿಗೆಯನ್ನು ಅಣಕಿಸುತ್ತಿದ್ದಳಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ.

ಇವತ್ತು ಇನ್ನೊಂದು ಹೇಳಿದಳು. ಹಳೆಯ ಪಾಸ್ಟರು ಎದ್ದು ಹೋದ ಮೇಲೂ ಅಮ್ಮ ಎರಡು ದಿನ ಬದುಕಿದ್ದಳಲ್ಲ. ಕೊನೆಯ ಬೆಳಿಗ್ಗೆ ನೋವು ತಗ್ಗಿ, ಅಕ್ಕನನ್ನು ಕರೆದು, ಪುಟ್ಟನ ಶೂ ಕಚ್ಚುತ್ತಿದೆ, ಅವನು ಹೇಳುವುದಿಲ್ಲ, ಕುಂಟುತ್ತಾನೆ ನೋಡು, ಒಂದು ಸೈಜು ದೊಡ್ಡದು ಕೊಡಿಸು ಎಂದಳಂತೆ. ಆಮೇಲೆ ಮಾತಿಲ್ಲ.

ಹೊಸ ಶೂ ನನಗೆ ನೆನಪಿದೆ. ಕಂದು ಬಣ್ಣ. ಅದನ್ನು ಹಾಕಿಕೊಂಡೇ ನಾನು ಆ ಬೆಂಚಿನಲ್ಲಿ ಕೂತು ಪ್ರಸಂಗ ಕೇಳಿದ್ದೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನು ಕೇಳಲೇ ಇಲ್ವಲ್ಲ. ಅಮ್ಮ ಅಂದ್ರೆ ಸಾಕು, ಹೆದರಿ ಎದ್ದು ಹೋಗ್ತಿದ್ದೆ” ಎಂದಳು.

ಆಗಸ್ಟ್ ೫, ಮಂಗಳವಾರ

ಬೆಳಿಗ್ಗೆ ಹನ್ನೊಂದೂಕಾಲಿಗೆ ಅಕ್ಕ ಹೋದಳು. ನಾನು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ, ಅವಳೇ ಮಾಡು ಎಂದಿದ್ದಳು. ಬಾಗಿಲು ತೆರೆದಿತ್ತು. ಉಸಿರಾಟ ಬದಲಾದದ್ದು ಕೇಳಿ ಹೋದೆ. ಕೈ ಹಿಡಿದೆ. ಕೊಡವಲಿಲ್ಲ.

ಪ್ರಾರ್ಥನೆ ಮಾಡಬೇಕಿತ್ತು. ಅಕ್ಕ, ಅಕ್ಕ ಎಂದಷ್ಟೇ ಬಂತು.

ಆಗಸ್ಟ್ ೭, ಗುರುವಾರ

ನಿನ್ನೆ ಪಾಸ್ಟರು ಬಂದು, ಬಾಗಿಲು ಮುಂದೆ ಮಾಡಿಕೊಂಡು, ಅಕ್ಕ ಆ ಮೂರು ಸಾಲು ಹೇಳಿದರಾ ಎಂದು ಕೇಳಿದರು. ಹೇಳಿದ್ದರೆ ಸಭೆಯ ಸ್ಮಶಾನದಲ್ಲಿ ಜಾಗ ಕೊಡಬಹುದು, ಭಾನುವಾರ ಎಲ್ಲರಿಗೂ ತಿಳಿಸಬಹುದು, ಎಲ್ಲರಿಗೂ ಸಮಾಧಾನವಾಗುತ್ತದೆ. ಒಂದು ‘ಹೂಂ’ ಅಂದಿದ್ದರೆ ಸಾಕಿತ್ತು. ಮೊದಲನೆಯ ಸಾಲನ್ನಂತೂ ಹೇಳಿದ್ದಳು.

“ಹೇಳೋಕೆ ಹೊರಟಿದ್ಲು. ನಾನೇ ತಡೆದೆ” ಎಂದೆ.

ಯಾಕೆಂದು ಕೇಳಿದರು. ನನಗಾಗಿ ಹೇಳುತ್ತಿದ್ದಳು, ಅದಕ್ಕೆ ಎಂದೆ. ಅವರು ಮುಖ ಒರೆಸಿಕೊಂಡು ಹೊರಗೆ ಹೋದರು.

ಇವತ್ತು ಊರ ಸ್ಮಶಾನದಲ್ಲಿ, ಸಭೆ ಜಾಗ ಕೊಡದಿದ್ದ ಅಮ್ಮನ ಪಕ್ಕ, ಅಕ್ಕನನ್ನು ಇಟ್ಟೆವು. ಅವಳು ಕೇಳಿದ್ದೂ ಅದನ್ನೇ. ನಾನು ಒಬ್ಬನೇ ಇರುತ್ತೇನೆ ಎಂದುಕೊಂಡಿದ್ದೆ. ಲಾಂಡ್ರಿಯಿಂದ ಹನ್ನೊಂದು ಹೆಂಗಸರು ಪಾಳಿ ಮುಗಿಸಿ ನೇರವಾಗಿ ಬಂದಿದ್ದರು, ಕೈಯೆಲ್ಲ ಬಿಳಿಚಿಕೊಂಡು ಸುಕ್ಕಾಗಿತ್ತು. ಪ್ರಸಂಗ ಮಾಡುವವರು ಯಾರೂ ಇಲ್ಲದ್ದರಿಂದ ನಾನೇ ಎರಡು ಮಾತು ಹೇಳಿದೆ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದಳು, ಸುಳ್ಳು ಹೇಳಲಿಲ್ಲ, ಕಾಲರನ್ನು ಒಳಗಿನಿಂದ ಒತ್ತುತ್ತಿದ್ದಳು. ಹೆಂಗಸರು ನಕ್ಕರು, ಆಮೇಲೆ ಅತ್ತರು. ತಿರುಗಿ ನೋಡಿದಾಗ ಗೇಟಿನ ಹತ್ತಿರ ಪಾಸ್ಟರು ನಿಂತಿದ್ದರು. ಕುತ್ತಿಗೆಯ ಬಿಳಿ ಪಟ್ಟಿ ತೆಗೆದಿಟ್ಟು, ಬರೀ ಅಂಗಿಯಲ್ಲಿ ಬಂದಿದ್ದರು. ಒಳಗೆ ಬರಲಿಲ್ಲ. ಮಣ್ಣು ಮುಚ್ಚುವ ತನಕ ಹೋಗಲೂ ಇಲ್ಲ.

ಆಗಸ್ಟ್ ೧೦, ಭಾನುವಾರ

ಚರ್ಚಿಗೆ ಹೋದೆ. ಹಿರಿಯರ ಸಾಲಿನಲ್ಲಿ ನನ್ನ ಪಕ್ಕದವರು ಸ್ವಲ್ಪ ಸರಿದು ಕೂತರು. ಜಾಗ ಮಾಡಿಕೊಟ್ಟರೋ ದೂರವಾದರೋ ಗೊತ್ತಾಗಲಿಲ್ಲ. ಯಾರೂ ಕೈ ಹಿಡಿಯಲಿಲ್ಲ. ಮಧ್ಯಾಹ್ನ ಇಬ್ಬರಿಗಾಗುವಷ್ಟು ಸೂಪ್ ಮಾಡಿದ್ದೆ.

ಆಗಸ್ಟ್ ೧೯, ಮಂಗಳವಾರ

ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ದಾರ ಎಳೆಯುವ ಸದ್ದು ಕೇಳುತ್ತದೆ.

ಸ್ಮಶಾನಕ್ಕೆ ಬಂದಿದ್ದ ಹೆಂಗಸರಲ್ಲಿ ಹಿರಿಯಾಕೆ ಒಂದು ಹರಿದ ಸ್ಟೂಲು ಹೊತ್ತುಕೊಂಡು ಬಂದರು. ಸ್ಟೂಲು ನೆಪ ಎಂದು ಆಮೇಲೆ ಗೊತ್ತಾಯಿತು. ಅವರ ಗಂಡ ಎರಡು ವರ್ಷದ ಹಿಂದೆ ಕುಡಿದು ಕುಡಿದು ತೀರಿಕೊಂಡರಂತೆ. ಸೇರಬೇಕಾದ ಜಾಗಕ್ಕೇ ಸೇರಿದ್ದಾನೆ ಎಂದು ನಮ್ಮ ಸಭೆಯವರೇ ಒಬ್ಬರು ಅವರಿಗೆ ಹೇಳಿದ್ದರಂತೆ. ನೀವು ಚರ್ಚಿನಲ್ಲಿ ದೊಡ್ಡವರು, ಅದು ಹೌದಾ ಎಂದು ಕೇಳಿದರು. ನನಗೆ ಗೊತ್ತಿಲ್ಲ ತಾಯಿ ಎಂದೆ. ಹಾಗಾದರೆ ಅವರಿಗಾಗಿ ಒಂದು ಪ್ರಾರ್ಥನೆ ಮಾಡುತ್ತೀರಾ ಎಂದರು.

ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಸಭೆಯಲ್ಲಿ ಇಲ್ಲ. ಬಾಗಿಲು ಮುಚ್ಚಿದ ಮೇಲೆ ತಟ್ಟಬಾರದು ಎಂದು ನಾನೇ ಕಲಿಸಿದ್ದೇನೆ. ಅವರ ಗಂಡನ ಹೆಸರು ಕೇಳಿಕೊಂಡು ಪ್ರಾರ್ಥಿಸಿದೆ. ಅವರು ಕಣ್ಣೊರೆಸಿಕೊಂಡು, ಅವರಿಗೆ ಹಾಡು ಅಂದರೆ ಇಷ್ಟ, ಅದನ್ನೂ ಹೇಳಿ ಎಂದರು. ಅದನ್ನೂ ಹೇಳಿದೆ.

ಆಗಸ್ಟ್ ೨೬, ಮಂಗಳವಾರ

ತೀರಿಕೊಂಡವರಿಗಾಗಿ ಪ್ರಾರ್ಥನೆ ಕೇಳಿಕೊಂಡು ಲಾಂಡ್ರಿಯಿಂದ ಇನ್ನಿಬ್ಬರು ಬಂದಿದ್ದರು. ಒಬ್ಬರಿಗೆ ಮಗಳು, ಒಬ್ಬರಿಗೆ ಅಣ್ಣ. ಸಂಜೆ ಬಡಗಿ ಚೌಕಟ್ಟು ಕೊಡಲು ಬಂದವನು ಹೋಗದೆ ನಿಂತ. ಅವನ ಅಪ್ಪ. ಈ ಪುಸ್ತಕದ ನಡುವಿನ ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆದುಕೊಂಡಿದ್ದೇನೆ, ಮರೆಯಬಾರದಲ್ಲ. ಪ್ರತಿಯೊಬ್ಬರ ಬಗ್ಗೆ ಏನಾದರೊಂದು ಕೇಳುತ್ತೇನೆ. ಏನು ತಿನ್ನುತ್ತಿದ್ದರು, ಹೇಗೆ ನಗುತ್ತಿದ್ದರು. ಇಲ್ಲದಿದ್ದರೆ ಯಾರಿಗಾಗಿ ಕೇಳುತ್ತಿದ್ದೇನೆಂದು ನನಗೇ ತಿಳಿಯುವುದಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಸಭೆಯಿಂದ ಪತ್ರ. ನಾನು ಸತ್ತವರಿಗಾಗಿ ಪ್ರಾರ್ಥಿಸುವ ವಿಷಯ ಕಿವಿಗೆ ಬಿದ್ದಿದೆಯಂತೆ. ಸದ್ಯಕ್ಕೆ ತರಗತಿಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಕೆಳಗೆ ಪಾಸ್ಟರ ಸಹಿ. ನ್ಯಾಯವೇ. ಏಳನೆಯ ಪಾಠವನ್ನು ಇನ್ನು ಹೇಗೆ ಹೇಳಬೇಕೆಂದು ನನಗೆ ತಿಳಿದಿಲ್ಲ. ಒಂದು ದೊಡ್ಡ ಸೋಫಾ ಬಿಚ್ಚಿದೆ. ನೆಲದ ತುಂಬ ಹಳೆಯ ಮೊಳೆ, ನಾರು.

ಸೆಪ್ಟೆಂಬರ್ ೨, ಮಂಗಳವಾರ

ಮಧ್ಯಾಹ್ನ ಪಾಸ್ಟರು ಬಂದರು. ಪತ್ರದ ಬಗ್ಗೆ ಇರಬೇಕು ಎಂದುಕೊಂಡು, ನನಗೇನೂ ಬೇಸರವಿಲ್ಲ ಎಂದು ಮೊದಲೇ ಹೇಳಿದೆ. ಅವರು ಕೂರಲಿಲ್ಲ. ಬಿಚ್ಚಿದ ಸೋಫಾದ ಚೌಕಟ್ಟನ್ನು ಸವರುತ್ತ ನಿಂತರು. ನಿಮಗೆ ಭಯ ಆಗುವುದಿಲ್ಲವೇ ಅಣ್ಣ ಎಂದು ಕೇಳಿದರು. ಯಾವುದರ ಭಯ ಎಂದೆ. ಕೇಳಿದ ಮೇಲೆ ಅವರು ಏನು ಕೇಳಿದರೆಂದು ಅರ್ಥವಾಯಿತು. ಯೋಚಿಸಿ ನೋಡಿದೆ. ಎಷ್ಟು ದಿನದಿಂದ ಆ ಬೆಂಕಿಯ ಭಯ ಬಂದಿಲ್ಲವೋ, ಗಮನಿಸಿರಲಿಲ್ಲ.

ಚಹಾ ಮಾಡಲೇ ಎಂದೆ, ಬೇಡ ಎಂದರು.

“ನನಗೊಬ್ಬ ತಮ್ಮ ಇದ್ದ” ಎಂದರು. “ಹನ್ನೊಂದು ವರ್ಷ ಆಯ್ತು. ಕೊನೇ ದಿನ ಆಸ್ಪತ್ರೆಗೆ ನಿಮಗೆ ಕೊಟ್ಟಂಥದ್ದೇ ಒಂದು ಕಾರ್ಡು ಹಿಡ್ಕೊಂಡು ಹೋಗಿದ್ದೆ. ನೀನು ಅಣ್ಣನಾಗಿ ಬಂದಿದ್ರೆ ಕೂತ್ಕೋ, ಪಾಸ್ಟರಾಗಿ ಬಂದಿದ್ರೆ ಆಚೆ ಹೋಗು ಅಂದ. ನಾನು ಆಚೆ ಬಂದು ಬಾಗಿಲ ಹತ್ತಿರ ನಿಂತ್ಕೊಂಡೆ. ಅಲ್ಲಿ ನಿಂತಿದ್ದಾಗಲೇ ಅವನು ಹೋಗ್ಬಿಟ್ಟ.”

ನಾನು ಅಳತೆ ಪುಸ್ತಕ ತೆರೆದು, ನಡುವಿನ ಆ ಹಾಳೆಗೆ ಹೋಗಿ, ಹೆಸರು ಹೇಳಿ ಎಂದೆ. ಹೇಳಿದರು. ಬರೆದುಕೊಂಡೆ. ಅವನ ಬಗ್ಗೆ ಏನಾದರೂ ಹೇಳಿ ಎಂದೆ. ಚಿಕ್ಕಂದಿನಲ್ಲಿ ಮಳೆ ಬಂದರೆ ಅಂಗಿ ಬಿಚ್ಚಿ ಓಡುತ್ತಿದ್ದ ಎಂದರು, ಹೇಳುತ್ತ ಹೇಳುತ್ತ ನೆಲಕ್ಕೆ ಮಂಡಿಯೂರಲು ಬಾಗಿದರು.

ಒಂದು ನಿಮಿಷ ಇರಿ ಎಂದು ಅವರ ತೋಳು ಹಿಡಿದು ನಿಲ್ಲಿಸಿದೆ. ಪೊರಕೆ ತಂದು, ಅವರು ಮಂಡಿಯೂರುವ ಜಾಗದಲ್ಲಿ ಬಿದ್ದಿದ್ದ ಮೊಳೆಗಳನ್ನೆಲ್ಲ ಗುಡಿಸಿದೆ. ಆಮೇಲೆ ಇಬ್ಬರೂ ಮಂಡಿಯೂರಿ ಕೂತೆವು.